ಆರು ಹೆಜ್ಜೆ

ಮಿಸೆಸ್ ಥ್ಯಾಕ್ರೇ ಬೋರ್ಡಿನ ಮೇಲೆ ಬರೆದದ್ದು ಇಷ್ಟೇ:
ಒಬ್ಬರು ಬಾಗಿಲು ತೆರೆಯಬೇಕು,
ಕೋಣೆ ದಾಟಬೇಕು,
ಕುರ್ಚಿಯಲ್ಲಿ ಕೂರಬೇಕು,
ಎದುರಿಗಿದ್ದವರೊಡನೆ ಎರಡು ಮಾತು.
ಒಂದು ನಿಮಿಷ ಮೀರಬಾರದು.
ಎಲ್ಲಿ ಕತ್ತರಿಸಿದಿರೆಂದು ಗೊತ್ತಾಗಬಾರದು.

ಇದು ನನಗೆ ಗೊತ್ತಿದ್ದ ಕೆಲಸ.
ಹೋಲ್ಡರ್ನೆಸ್ ರಸ್ತೆಯ ಅಂಗಡಿಯಲ್ಲಿ ಹನ್ನೊಂದು ವರ್ಷ
ಹಲ್ ಊರಿನ ಅರ್ಧ ಗಂಡಸರ ಪ್ಯಾಂಟು ಗಿಡ್ಡ ಮಾಡಿದ್ದೇನೆ;
ಯಾರ ಕಣ್ಣಿಗೂ ಇನ್ನೂ ನನ್ನ ದಾರ ಬಿದ್ದಿಲ್ಲ.

ಕಾಗದದ ಮೇಲೆ ಚೌಕ ಚೌಕ ಗೆರೆ ಎಳೆದೆವು.
ಕೀರನ್ ಬರೆದ ಮನುಷ್ಯರು ಬೆಂಕಿಕಡ್ಡಿಗಳು,
ನನ್ನವರಿಗೆ ಕಾಲರು, ಜೇಬು, ಗುಂಡಿ.
"ಅಷ್ಟೆಲ್ಲ ಯಾಕೆ?" ಅಂದ, ಹದಿನೆಂಟರ ಹುಡುಗ.
"ಮತ್ತೆ ಅವನು ಕೈ ಎಲ್ಲಿಡಬೇಕು?" ಅಂದೆ.

ಮಾತು ಎರಡನ್ನೂ ನಾನೇ ಬರೆದದ್ದು,
ಮೊದಲು ಕನ್ನಡದಲ್ಲಿ, ಕರೆಂಟು ಬಿಲ್ಲಿನ ಹಿಂಬದಿಗೆ:
ತಡ ಮಾಡಿದಿರಿ.
ಬಸ್ಸು ಬರಲಿಲ್ಲ.
ಇಂಗ್ಲಿಷಿಗೆ ಹೋಗುವಾಗ ಕೊನೆಯ 'ಇರಿ' ಉದುರಿತು;
ಮರ್ಯಾದೆಯ ಆ ಗುಂಡಿ ಸಿಕ್ಕಿಸಲು
ಅಲ್ಲಿ ಕಾಜವೇ ಇಲ್ಲ.

ನಟ ಸಿಗಲಿಲ್ಲ. ಬೀಗದಕೈ ಗೊಂಚಲು ಕುಲುಕುತ್ತ
ಕೋಣೆ ಮುಚ್ಚಲು ಬಂದ ಡೆನಿಸ್‌ನನ್ನೇ ಹಿಡಿದು ಹಾಕಿದೆವು.
ಆ ಕಾಲೇಜಿನ ಒಂದೊಂದು ಬಾಗಿಲಿಗೂ ಅವನ ಕೈ ಪರಿಚಯ.
ಆದರೂ ಕ್ಯಾಮೆರಾ ಕಂಡದ್ದೇ
ಬಾಗಿಲು ತೆರೆಯುವುದು ಹೇಗೆಂದು ಮರೆತುಬಿಟ್ಟ.
ಒಮ್ಮೆ ತಳ್ಳಿದ, ಒಮ್ಮೆ ಎಳೆದ,
ಒಮ್ಮೆ ಒಳಗೆ ಬಂದು ನಮ್ಮನ್ನೆಲ್ಲ ಕಂಡು
ಕ್ಷಮೆ ಕೇಳಿ ಹೊರಗೆ ಹೋದ.

ಝೋಫಿಯಾ ಕುರ್ಚಿಯಲ್ಲಿ ಕೂತು ಕಾಯುತ್ತಲೇ ಇದ್ದಳು,
ಕಪ್ಪಿನ ಚಹಾ ಕೆನೆಗಟ್ಟಿತು.
ನವೆಂಬರ್. ಹಂಬರ್ ನದಿಯ ಕಡೆಯ ಕಿಟಕಿಗೆ
ಮೂರೂಮುಕ್ಕಾಲಿಗೇ ಕತ್ತಲೆಯ ಲೈನಿಂಗು.
ದೂರದ ಷಾಟಿನಲ್ಲಿ ಹಗಲು,
ಹತ್ತಿರದ್ದರಲ್ಲಿ ರಾತ್ರಿ.
ಆರು ಹೆಜ್ಜೆ ದಾಟಲು ನಮ್ಮ ಮನುಷ್ಯ
ಇಡೀ ಒಂದು ಮಧ್ಯಾಹ್ನ ತಗೊಂಡ.

ಎಡಿಟಿಂಗ್ ಕೋಣೆ: ಎರಡು ಕಂಪ್ಯೂಟರು, ಒಂದು ಹೀಟರು.
ಒಳಗೆ ಬಟ್ಟೆ ಬಿಟ್ಟು ಕತ್ತರಿಸುವುದು ನನಗೆ ಬರುತ್ತಿತ್ತು;
ಟಾಕು ಹಾಕಿ ನೋಡು, ಬಿಚ್ಚು, ಮತ್ತೆ ಹಾಕು, ಅದೂ.
ಮಂಡಿ ಮಡಚುವ ಗಳಿಗೆಯಲ್ಲೇ ಕತ್ತರಿ ಆಡಿಸಿದರೆ
ನೆರಿಗೆಯೊಳಗೆ ಹೊಲಿಗೆ ಅಡಗಿದ ಹಾಗೆ
ಕಣ್ಣು ಮೈಯ ಹಿಂದೆ ಓಡುತ್ತದೆ, ದಾರ ನೋಡುವುದಿಲ್ಲ.
ಕೀರನ್ ಬೆರಗಾದ: "ಇದನ್ನೆಲ್ಲ ಯಾವ ಕ್ಲಾಸಲ್ಲಿ ಕಲಿತೆ?"
"ಲಂಗದ ಕ್ಲಾಸಲ್ಲಿ."

ಎಲ್ಲ ಸರಿಹೋಗುತ್ತಿತ್ತು, ಒಂಬತ್ತನೇ ಟೇಕು ಇಲ್ಲದಿದ್ದರೆ.
ಕತ್ತಲಾದ ಮೇಲಿನದು. ದಣಿದಿದ್ದೆವು,
ಯಾರೂ ಕೇಳಿಸಿಕೊಂಡಿರಲಿಲ್ಲ ಆಗ.
ಈಗ ಹೆಡ್‌ಫೋನಿನಲ್ಲಿ, ನನ್ನೊಬ್ಬಳ ಕಿವಿಗೆ:
ತಡ ಮಾಡಿದಿ.
ಡೆನಿಸ್ ಕೂರುತ್ತಾನೆ. ಬೀಗದಕೈ ಗೊಂಚಲನ್ನು ಮೇಜಿಗಿಡುತ್ತಾನೆ,
ಹಿಂದಿನ ಎಂಟರಲ್ಲೂ ಇಟ್ಟಿರಲಿಲ್ಲ.
ಬಸ್ಸು ಬಂದಿತ್ತು, ಅನ್ನುತ್ತಾನೆ.
ನಾನೇ ಹತ್ತಲಿಲ್ಲ.

ಏಳು ಸಲ ಕೇಳಿದೆ. ಉಗುಳು ನುಂಗಿದ ಸದ್ದೂ ಇತ್ತು.
ಯಾವ ಬಸ್ಸು, ಯಾವ ವರ್ಷದ್ದು, ಆ ತುದಿಗೆ ಕಾದವರು ಯಾರು,
ಅವನನ್ನು ಕೇಳಲಿಲ್ಲ. ಅಳತೆ ಟೇಪು ಹಿಡಿದವಳಿಗೆ
ಎಲ್ಲಿ ಮುಟ್ಟಬಾರದೆಂದು ಗೊತ್ತಿರುತ್ತದೆ.

ಮೂರನೇ ಟೇಕಿನಲ್ಲಿ ಬೆಳಕು ಚೆನ್ನಾಗಿತ್ತು, ಮಾತೂ ಬರೆದ ಹಾಗೇ.
"ಅದನ್ನೇ ಹಾಕು," ಅಂದಳು ಝೋಫಿಯಾ, "ಮಾರ್ಕ್ಸ್ ಇದೆ."
ಒಂಬತ್ತನೆಯದನ್ನು ಹಾಕಿದೆ.
ನಲವತ್ತೊಂದನೇ ಸೆಕೆಂಡಿಗೆ ಕಿಟಕಿ ಫಕ್ಕನೆ ಕಪ್ಪಾಗುತ್ತದೆ,
ಬಿಳಿ ಅಂಗಿಗೆ ಕರಿ ದಾರದ ತೇಪೆ.

'ಇಲ್ಲಿ ಜೋಡಣೆ ಕಾಣುತ್ತದೆ. ಹತ್ತಕ್ಕೆ ಐದು,'
ಮಿಸೆಸ್ ಥ್ಯಾಕ್ರೇ ಬರೆದರು. ಕೆಳಗೆ ಪೆನ್ಸಿಲಿನಲ್ಲಿ
ಇನ್ನೇನೋ ಬರೆದು ಅಳಿಸಿದ ಗುರುತು.

ಶುಕ್ರವಾರ ಡೆನಿಸ್‌ನನ್ನು ಕರೆದು ತೋರಿಸಿದೆವು.
ಟೊಪ್ಪಿಗೆ ತೆಗೆದು ನಿಂತೇ ನೋಡಿದ, ಐವತ್ತೆಂಟು ಸೆಕೆಂಡೂ.
ಆ ಮಾತಿನ ಬಗ್ಗೆ ಅವನೂ ಎತ್ತಲಿಲ್ಲ, ನಾನೂ.
"ನನ್ನ ಎಡಗಾಲು ಅಷ್ಟು ಎಳೆಯುತ್ತಾ?" ಅಂದ.
ಹೌದು ಅಂದೆ. ಆ ಕಡೆ ಪ್ಯಾಂಟು ಅರ್ಧ ಇಂಚು ಉದ್ದ ಇದೆ,
ಸೋಮವಾರ ತಗೊಂಡು ಬಾ.